ಕೋಲಾರದ ಗಣಿನೆಲದ ನಕ್ಷೆಗಳು: ನಿರ್ಣಾಯಕ ಖನಿಜಗಳ ಕಾಲದಲ್ಲಿ ಒಂದು ಮರು ಓದು

1. ಪ್ರಸ್ತಾವನೆ

ಶಾಸನ, ಕಡತ, ಕೈಫಿಯತ್ತು, ಪ್ರವಾಸಕಥನ ಇವುಗಳನ್ನು ಆಕರಗಳಾಗಿ ಓದುವ ಶಿಸ್ತು ಕನ್ನಡ ಸಂಶೋಧನೆಗೆ ಚೆನ್ನಾಗಿ ಒದಗಿಬಂದಿದೆ. ಭೂವೈಜ್ಞಾನಿಕ ನಕ್ಷೆಯನ್ನು ಹಾಗೆ ಓದುವ ರೂಢಿ ಮಾತ್ರ ನಮ್ಮಲ್ಲಿ ಅಷ್ಟಾಗಿ ಬೆಳೆದಿಲ್ಲ. ಬಣ್ಣದ ಪಟ್ಟಿಗಳಿಂದಲೂ ಸಂಕೇತಾಕ್ಷರಗಳಿಂದಲೂ ತುಂಬಿದ ಶಿಲಾನಕ್ಷೆ ಎದುರಿಗೆ ಬಂದಾಗ ಅದು ವಿಜ್ಞಾನಿಗಳ ಸೊತ್ತೆಂದು ಬದಿಗಿಡುವುದೇ ವಾಡಿಕೆ. ಕೋಲಾರ ಚಿನ್ನದ ಗಣಿಪ್ರದೇಶದ ನಕ್ಷೆಗಳನ್ನು ಮುಂದಿಟ್ಟುಕೊಂಡು ಈ ವಾಡಿಕೆಯನ್ನು ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಖನಿಜ ನಕ್ಷೆಯು ನೆಲದಲ್ಲಿ ಏನಿದೆ ಎಂಬುದನ್ನು ತೋರಿಸುತ್ತದೆ. ಅದನ್ನು ರಚಿಸಿದ ಕಾಲವು ಏನನ್ನು ಹುಡುಕುತ್ತಿತ್ತು, ಏನನ್ನು ಕಂಡೂ ಬಿಟ್ಟಿತು ಎಂಬುದನ್ನೂ ಅಷ್ಟೇ ಖಚಿತವಾಗಿ ತೋರಿಸುತ್ತದೆ ಎಂಬುದು ನಮ್ಮ ವಾದ.

ಈ ಮರು ಓದಿಗೆ ತಕ್ಷಣದ ಕಾರಣವೊಂದಿದೆ. ಕೇಂದ್ರ ಗಣಿ ಸಚಿವಾಲಯವು 2023ರ ಜೂನ್‌ನಲ್ಲಿ 30 ಖನಿಜಗಳನ್ನು ದೇಶದ ಪಾಲಿಗೆ 'ನಿರ್ಣಾಯಕ ಖನಿಜಗಳು' ಎಂದು ಪಟ್ಟಿಮಾಡಿತು. ಲಿಥಿಯಂ, ಕೋಬಾಲ್ಟ್, ನಿಕ್ಕಲ್, ಟಂಗ್‌ಸ್ಟನ್, ಟ್ಯಾಂಟಲಂ, ವೆನೇಡಿಯಂ, ಪ್ಲಾಟಿನಂ ಗುಂಪಿನ ಲೋಹಗಳು, ವಿರಳ ಭಸ್ಮ ಧಾತುಗಳು ಇದರಲ್ಲಿ ಸೇರಿವೆ. ವಿದ್ಯುತ್ ವಾಹನ, ಬ್ಯಾಟರಿ, ರಕ್ಷಣಾ ಸಾಮಗ್ರಿ, ವಿದ್ಯುನ್ಮಾನ ಉಪಕರಣ ಇವುಗಳಿಗೆ ಅನಿವಾರ್ಯವಾಗಿದ್ದು, ಪೂರೈಕೆಗೆ ಕೆಲವೇ ದೇಶಗಳನ್ನು ನೆಚ್ಚಬೇಕಾದ ವಸ್ತುಗಳಿವು. 2025ರ ಜನವರಿಯಲ್ಲಿ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ದೊರೆಯಿತು. ಒಂದು ಸಂಗತಿಯನ್ನು ಇಲ್ಲಿಯೇ ಗಮನಿಸಬೇಕು. ಚಿನ್ನ ಈ ಪಟ್ಟಿಯಲ್ಲಿಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ಯಾವ ಲೋಹಕ್ಕಾಗಿ ಕೋಲಾರದ ನೆಲವನ್ನು ಅಂಗುಲ ಅಂಗುಲವಾಗಿ ಅಳೆಯಲಾಯಿತೋ ಆ ಲೋಹ ಪಟ್ಟಿಯ ಹೊರಗಿದೆ. ಅದೇ ಅದಿರಿನ ಎಳೆಗಳಲ್ಲಿ ಅದರ ಜೊತೆಗಿದ್ದ ಟಂಗ್‌ಸ್ಟನ್ ಒಳಗೆ ಬಂದಿದೆ.

ನಾವು ಈ ಲೇಖನವನ್ನು ಸಿದ್ಧಪಡಿಸಿದ್ದು ಮುಂಬಯಿಯ ವಿಕ್ರೋಳಿಯಲ್ಲಿ. ವಿಕ್ರೋಳಿ–ಪವಾಯಿ ಭಾಗದ ದಿಬ್ಬಗಳಲ್ಲಿ ಕಾಣುವ ಕರಿಕಲ್ಲು ದಖ್ಖನ್ ಪ್ರಸ್ಥಭೂಮಿಯನ್ನು ಹಾಸಿಕೊಂಡ ಲಾವಾಶಿಲೆಯ ಭಾಗ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದಿನ ಮಾತು ಅದು. ಕೋಲಾರದ ಶಿಲೆಗಳಾದರೋ ಸುಮಾರು 270 ಕೋಟಿ ವರ್ಷಗಳಷ್ಟು ಹಳೆಯವು. ಬೆಳಗಾವಿ, ವಿಜಯಪುರಗಳ ಕಡೆಗೆ ಸಾಗಿದಂತೆ ಕರ್ನಾಟಕದ ಹಳೆಯ ಶಿಲೆಗಳು ಈ ಲಾವಾ ಹೊದಿಕೆಯ ಅಡಿಗೆ ಸರಿದು ಮರೆಯಾಗುತ್ತವೆ. ಎಂದರೆ, ಹೊದಿಕೆಯಿಲ್ಲದೆ ತೆರೆದುಕೊಂಡ ನೆಲದಲ್ಲಿ ಮಾತ್ರ ಹಳೆಯ ಶಿಲೆಗಳನ್ನು ನಡೆದು ನೋಡಿ ಗುರುತಿಸುವುದು ಸಾಧ್ಯವಾಯಿತು. ಕೋಲಾರ ಅಂತಹ ನೆಲ.

2. ಕಾಗದಕ್ಕೆ ಮೊದಲಿನ ನಕ್ಷೆ

ಕೋಲಾರದ ಷಿಸ್ಟ್ ಪಟ್ಟಿ ಉತ್ತರ–ದಕ್ಷಿಣವಾಗಿ ಸುಮಾರು 80 ಕಿಲೋಮೀಟರು ಚಾಚಿಕೊಂಡಿದೆ. ಅಗಲ ಮಾತ್ರ ಕೆಲವೇ ಕಿಲೋಮೀಟರು. ಎರಡೂ ಬದಿಗೆ ನಸುಬಣ್ಣದ ನೈಸ್ ಶಿಲೆ, ನಡುವೆ ಕಪ್ಪು–ಹಸಿರು ಹಾರ್ನ್‌ಬ್ಲೆಂಡ್ ಶಿಲೆ, ಅದರೊಳಗೆ ಬೆಣಚುಕಲ್ಲಿನ ಎಳೆಗಳು. ಚಿನ್ನ ಈ ಬೆಣಚುಕಲ್ಲಿನ ಎಳೆಗಳಲ್ಲಿ ಅಡಗಿತ್ತು. ಈ ಸಂಗತಿಯನ್ನು ಮೊದಲು ಅರಿತವರು ಆಂಗ್ಲ ಸರ್ವೇಕ್ಷಕರೆಂದು ಹಲವು ಬರಹಗಳು ಸೂಚಿಸುತ್ತವೆ. ಆಕರಗಳು ಹೇಳುವುದು ಬೇರೆ.

ಟಿಪ್ಪುವಿನ ಪತನಾನಂತರ ಮೈಸೂರು ಸಂಸ್ಥಾನದ ಗಡಿಯನ್ನು ಗುರುತಿಸುವ ಕೆಲಸದಲ್ಲಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಈ ಸೀಮೆಗೆ ಬಂದರು. ಮಣ್ಣಿನಲ್ಲಿ ಚಿನ್ನ ಸಿಗುತ್ತದೆಂಬ ಸುದ್ದಿ ಕೇಳಿ, ತೋರಿಸಿಕೊಟ್ಟವರಿಗೆ ಬಹುಮಾನ ಕೊಡುವುದಾಗಿ ಸಾರಿದರು. ಉರಿಗಾಂ ಹಳ್ಳಿಯವರು ಮಣ್ಣು ತಂದು ಅವರೆದುರು ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪದ ಬಳಿ ಗುಂಡಿಗಳಲ್ಲಿ ಇಳಿದು ಕಲ್ಲು ತೆಗೆಯುವವರನ್ನೂ, ಆ ಕಲ್ಲನ್ನು ಕುಟ್ಟಿ ಪುಡಿಮಾಡಿ ತೊಳೆಯುವ ಹೆಂಗಸರನ್ನೂ ವಾರೆನ್ ಕಂಡರು. ಅವರ ವರದಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1834ರಲ್ಲಿ ಪ್ರಕಟವಾಯಿತು. ವಾರೆನ್ ಅವರ ಹೆಸರು ಗಣಿಚರಿತ್ರೆಯಲ್ಲಿ ನಿಂತಿತು. ಗುಂಡಿಯ ಜಾಡು ತಿಳಿದಿದ್ದವರ ಹೆಸರು ದಾಖಲಾಗಲಿಲ್ಲ.

ಧಾರವಾಡ ಸೀಮೆಯಲ್ಲಿ ಇಂತಹ ಅರಿವಿಗೆ ಒಂದು ವೃತ್ತಿನಾಮವೇ ಇತ್ತು. ಡಂಬಳ–ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರನ್ನು ಜಲಗಾರರೆಂದು ಕರೆಯುತ್ತಿದ್ದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು ಬರೆದಾಗ ಜಲಗಾರರ ನೆರವನ್ನು ಪಡೆದಿದ್ದರು. ಯಾವ ಹಳ್ಳದ ಮರಳಿನಲ್ಲಿ ಕಣ ಕಾಣುತ್ತದೆ, ಯಾವ ತಿರುವಿನಾಚೆ ಅದು ನಿಲ್ಲುತ್ತದೆ ಎಂಬ ಅರಿವಿನಿಂದ ಮೇಲಿನ ಗುಡ್ಡದಲ್ಲಿ ಮೂಲಶಿಲೆ ಎಲ್ಲಿರಬಹುದೆಂದು ಊಹಿಸಬಹುದಿತ್ತು. ಇಂದಿನ ರಾಷ್ಟ್ರೀಯ ಭೂರಾಸಾಯನಿಕ ನಕ್ಷಾ ಯೋಜನೆಯಲ್ಲಿ ನೆಲವನ್ನು 2 ಕಿ.ಮೀ. ಉದ್ದಗಲದ ಚೌಕಗಳಾಗಿ ವಿಂಗಡಿಸಿ ಹಳ್ಳದ ಮರಳು–ಮಣ್ಣಿನ ಮಾದರಿಗಳನ್ನು ತೆಗೆದು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುತ್ತಾರೆ. ಉಪಕರಣ ಬದಲಾಗಿದೆ, ಹುಡುಕುವ ಧಾತುಗಳ ಸಂಖ್ಯೆ ಹೆಚ್ಚಿದೆ. ನೀರು ಹೊತ್ತು ತಂದ ಮರಳು ಮೇಲಿನ ಗುಡ್ಡದ ಕಥೆ ಹೇಳುತ್ತದೆಂಬ ತರ್ಕ ಜಲಗಾರನದೇ. ಕನ್ನಡದಲ್ಲಿ ಇದೇ ಪದ ಕಸ ಗುಡಿಸುವವನಿಗೂ ಸಲ್ಲುತ್ತದೆ. ಕುವೆಂಪು ಅವರ ನಾಟಕದ ಹೆಸರಿನಿಂದ ಆ ಅರ್ಥವೇ ಇಂದಿನ ಓದುಗರಿಗೆ ಪರಿಚಿತ. ಇತರರು ಬಿಸುಟ ದೂಳಿನಲ್ಲಿ ಬೆಲೆಯುಳ್ಳದ್ದನ್ನು ಕಾಣುವ ವೃತ್ತಿ ಎರಡೂ ಅರ್ಥಗಳ ನಡುವಣ ಕೊಂಡಿಯಾಗಿರಬಹುದೆಂದು ನಮಗೆ ತೋರುತ್ತದೆ. ಕೋಲಾರದ ದಿಬ್ಬಗಳ ವಿಷಯಕ್ಕೆ ಬಂದಾಗ ಈ ಮಾತಿನ ಪ್ರಸ್ತುತತೆ ಸ್ಪಷ್ಟವಾಗುತ್ತದೆ.

ರಾಯಚೂರು ಜಿಲ್ಲೆಯ ಹಟ್ಟಿ ಈ ಪ್ರಾಚೀನತೆಗೆ ಇನ್ನೂ ಗಟ್ಟಿಯಾದ ಸಾಕ್ಷ್ಯವನ್ನು ಒದಗಿಸುತ್ತದೆ. ಅಲ್ಲಿನ ಹಳೆಯ ಗುಂಡಿಗಳು ಸುಮಾರು 640 ಅಡಿಗಳಷ್ಟು ಆಳಕ್ಕೆ ಇಳಿದಿದ್ದವು. ಅವುಗಳಲ್ಲಿ ದೊರೆತ ಮರದ ತುಂಡಿನ ಕಾಲವನ್ನು ಇಂಗಾಲ ಪರೀಕ್ಷೆಯಿಂದ ಸುಮಾರು ಎರಡು ಸಾವಿರ ವರ್ಷಗಳ ಹಿಂದಕ್ಕೆ ನಿರ್ಣಯಿಸಲಾಗಿದೆ. ಅದೇ ಶಿಲಾಪಟ್ಟಿಯ ಮಸ್ಕಿಯಲ್ಲಿ ಅಶೋಕನ ಶಾಸನವನ್ನು 1915ರಲ್ಲಿ ಕಂಡವರು ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್. ಅಶೋಕನ ಹೆಸರನ್ನು ನೇರವಾಗಿ ಹೇಳುವ ಈ ಶಾಸನ ದೇಶದ ಇತಿಹಾಸಕ್ಕೆ ಎಷ್ಟು ಮುಖ್ಯವೆಂಬುದು ಎಲ್ಲರಿಗೂ ತಿಳಿದಿದೆ. ಖನಿಜಶೋಧ ಮತ್ತು ಶಾಸನಶೋಧ ಒಂದೇ ಬಂಡೆಯ ಮೇಲೆ ಸಂಧಿಸಿದ ಈ ಪ್ರಸಂಗ, ಎರಡು ಶಿಸ್ತುಗಳು ಪರಸ್ಪರರ ಕಡತಗಳನ್ನು ಓದಬೇಕೆಂಬುದಕ್ಕೆ ತಕ್ಕ ನಿದರ್ಶನ.

3. ಫೂಟ್‌ರಿಂದ ಸ್ಮೀತ್‌ವರೆಗೆ: ಒಂದು ಲೋಹದ ನಕ್ಷೆ

ಕರ್ನಾಟಕದ ಶಿಲೆಗಳಿಗೆ ವೈಜ್ಞಾನಿಕ ಚೌಕಟ್ಟನ್ನು ಒದಗಿಸಿದವರು ಫೂಟ್. ಪಲ್ಲಾವರದಲ್ಲಿ 1863ರಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಕಂಡ ಇವರನ್ನು ಪ್ರಾಗಿತಿಹಾಸದ ವಿದ್ಯಾರ್ಥಿಗಳು ಬಲ್ಲರು. ಭೂವಿಜ್ಞಾನಕ್ಕೆ ಅವರ ಮುಖ್ಯ ಕಾಣಿಕೆ, ನೈಸ್ ಶಿಲೆಗಳ ನಡುವೆ ಪಟ್ಟಿಪಟ್ಟಿಯಾಗಿ ಉಳಿದಿರುವ ಕಪ್ಪು ಷಿಸ್ಟ್ ಶಿಲೆಗಳನ್ನು ಬೇರ್ಪಡಿಸಿ 'ಧಾರವಾಡ ವ್ಯವಸ್ಥೆ' ಎಂದು ಹೆಸರಿಸಿದ್ದು. 1880ರ ದಶಕದ ಉತ್ತರಾರ್ಧದಲ್ಲಿ ಪ್ರಕಟವಾದ ಅವರ ಬರಹದ ಶೀರ್ಷಿಕೆಯೇ ಇದನ್ನು ದಕ್ಷಿಣ ಭಾರತದ ಪ್ರಧಾನ ಚಿನ್ನದ ಶಿಲಾಶ್ರೇಣಿಯೆಂದು ಕರೆಯಿತು. ಕನ್ನಡ ನೆಲದ ಒಂದು ಊರಿನ ಹೆಸರು ಜಗತ್ತಿನ ಭೂವಿಜ್ಞಾನ ಗ್ರಂಥಗಳನ್ನು ಸೇರಿತು. ಆದರೆ ಆ ಶ್ರೇಣಿಯ ಮೊದಲ ಗುರುತು ಚಿನ್ನವೇ ಆಗಿತ್ತೆಂಬುದನ್ನು ಮರೆಯಬಾರದು. ಚಿನ್ನ ಎಲ್ಲಿದ್ದೀತೆಂದು ಕೇಳುವವರಿಗೆ ಕಪ್ಪು ಪಟ್ಟಿಗಳನ್ನು ನೋಡಿರೆಂದು ಹೇಳುವ ನಕ್ಷೆ ಅದು.

ಅಷ್ಟರಲ್ಲಿ ಕೋಲಾರದಲ್ಲಿ ಬಂಡವಾಳ ಬಂದಿಳಿದಿತ್ತು. ಮೈಕೇಲ್ ಲಾವೆಲ್ 1873ರಲ್ಲಿ ಮೈಸೂರು ಸರಕಾರಕ್ಕೆ ಗಣಿಗುತ್ತಿಗೆಯ ಅರ್ಜಿ ಸಲ್ಲಿಸಿದರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿಗೆ ಬಂದಿತು. ಮೊದಲ ಕೆಲವು ವರ್ಷಗಳು ನಷ್ಟದಲ್ಲಿ ಕಳೆದವು. ಹಳೆಯ ಗುಂಡಿಗಳ ಜಾಡನ್ನು ಅನುಸರಿಸಿ ಆಳಕ್ಕೆ ಇಳಿದಾಗ, 1880ರ ದಶಕದ ಮಧ್ಯಭಾಗದಲ್ಲಿ, ಚಾಂಪಿಯನ್ ಎಳೆಯ ಸಂಪತ್ತು ಬಯಲಾಯಿತು. ಹೆಸರಿಲ್ಲದ ಪ್ರಾಚೀನ ಗಣಿಗಾರರು ತೋಡಿದ ಗುಂಡಿಗಳ ಸಾಲೇ ಕಂಪನಿಗಳಿಗೆ ಮೊದಲ ಮಾರ್ಗದರ್ಶಕ ನಕ್ಷೆಯಾಯಿತೆಂದರೆ ಅತಿಶಯೋಕ್ತಿಯಾಗದು.

ಅನಂತರದ ಎರಡು ದಶಕಗಳಲ್ಲಿ ನಕ್ಷೆಗಳು ಒಂದರ ಹಿಂದೊಂದು ಬಂದವು. ಮದರಾಸು ಸರಕಾರದ ಖನಿಜತಜ್ಞ ಬಾಸ್‌ವರ್ತ್ ಸ್ಮಿತ್ 1889ರಲ್ಲಿ ಕೋಲಾರ ಚಿನ್ನದ ಪ್ರದೇಶವನ್ನೂ ಅದರ ದಕ್ಷಿಣದ ಮುಂದುವರಿಕೆಯನ್ನೂ ಕುರಿತು ವರದಿ ಬರೆದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಫೂಟ್ ಅವರ ನೇತೃತ್ವದಲ್ಲಿ ಆರಂಭವಾಯಿತು. ದೇಶೀ ಸಂಸ್ಥಾನವೊಂದು ತನ್ನ ನೆಲದ ನಕ್ಷೆಯನ್ನು ತಾನೇ ರಚಿಸಿಕೊಳ್ಳಲು ಹೊರಟದ್ದು ಆಡಳಿತದ ಇತಿಹಾಸದಲ್ಲಿ ಗಣ್ಯವಾದ ಹೆಜ್ಜೆ. ಎಫ್.ಎಚ್. ಹ್ಯಾಚ್ ಅವರ ಕೋಲಾರ ಪ್ರಬಂಧ 1901ರಲ್ಲಿ ಸರ್ವೇಕ್ಷಣೆಯ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು. ಇಲಾಖೆಯ ಹೊಣೆ ಹೊತ್ತ ಡಬ್ಲ್ಯು.ಎಫ್. ಸ್ಮೀತ್ ಅವರ ಕಾಲದಲ್ಲಿ, ಪಿ. ಸಂಪತ್ ಐಯ್ಯಂಗಾರ್, ಬಿ. ಜಯರಾಮ್ ಮೊದಲಾದವರು ಹೋಬಳಿ ಹೋಬಳಿಗಳಲ್ಲಿ ನಡೆದು ಶಿಲೆಗಳನ್ನು ಗುರುತಿಸಿದರು. 1916ರ ಸುಮಾರಿಗೆ ಸಂಸ್ಥಾನದ ಸಮಗ್ರ ಶಿಲಾಚರಿತ್ರೆಯ ರೂಪುರೇಷೆ ಸಿದ್ಧವಾಯಿತು. ಈ ಪರಂಪರೆಯನ್ನು ಬಿ. ರಾಮರಾವ್, ಸಿ.ಎಸ್. ಪಿಚ್ಚಮುತ್ತು, ಬಿ.ಪಿ. ರಾಧಾಕೃಷ್ಣ ಅವರು ಮುಂದುವರಿಸಿದರು.

ಈ ನಕ್ಷೆಗಳ ಶಾಸ್ತ್ರೀಯತೆಯನ್ನು ನಾವು ಪ್ರಶ್ನಿಸುತ್ತಿಲ್ಲ. ಶಿಲೆಯ ಗಡಿರೇಖೆಗಳನ್ನು ಅವರು ಎಳೆದ ಬಗೆ ಇಂದಿನ ಉಪಗ್ರಹ ಚಿತ್ರಗಳೊಂದಿಗೆ ಹೋಲಿಸಿ ನೋಡುವಷ್ಟು ಗಟ್ಟಿಯಾದುದು. ಆದರೆ ಯಾವ ಗಡಿಯನ್ನು ಹತ್ತಿರದಿಂದ ಅಳೆಯಬೇಕು, ಯಾವುದನ್ನು ದೂರದಿಂದ ನೋಡಿ ಬಿಡಬಹುದು ಎಂಬ ಆಯ್ಕೆಯಲ್ಲಿ ಕಾಲದ ಬೇಡಿಕೆ ಕೆಲಸ ಮಾಡಿತು. ಚಿನ್ನದ ಪಟ್ಟಿಯನ್ನು ಅಡಿ ಲೆಕ್ಕದಲ್ಲಿ ಅಳೆದರು. ಆಗ ಬೇಡಿಕೆಯಿಲ್ಲದ ಖನಿಜಗಳು ಒಂದು ಅಡಿಟಿಪ್ಪಣಿಯಲ್ಲಿ, ಒಂದು ಮಾದರಿಯ ಹೆಸರಿನಲ್ಲಿ ಉಳಿದವು.

4. ನೆಲದಡಿಯ ನಕ್ಷೆ

ಗಣಿ ಆಳವಾದಂತೆ ನಕ್ಷೆಯೂ ನೆಲದಡಿಗೆ ಇಳಿಯಿತು. ಶಿವಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ದೂರ ಹರಿದು ಕೋಲಾರವನ್ನು ತಲುಪಿದ ಮೇಲೆ ಆಳದ ಕೆಲಸ ಸುಗಮವಾಯಿತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಸುಮಾರು 3.2 ಕಿಲೋಮೀಟರು ಆಳಕ್ಕೆ ಇಳಿದು ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತು. ಪ್ರತಿ ಅಂತಸ್ತಿಗೂ ಒಂದು ನಕ್ಷೆ. ಅದರಲ್ಲಿ ಎಳೆಯ ದಿಕ್ಕು, ಬಾಗು, ದಪ್ಪ, ಟನ್ನಿಗೆ ಸಿಕ್ಕ ಚಿನ್ನ, ಸುರಂಗದ ಅಳತೆ ದಾಖಲಾಗುತ್ತಿದ್ದವು. ಭೂಮಿಯ ಮೇಲಿನ ನಕ್ಷೆಯಲ್ಲಿ ಒಂದು ಗೆರೆಯಾಗಿದ್ದ ಚಾಂಪಿಯನ್ ಎಳೆ ಈ ನಕ್ಷೆಗಳ ಸಾಲಿನಲ್ಲಿ ಮಡಿಕೆಗೊಂಡ ಹಾಳೆಯಂತೆ ಮೂರು ಆಯಾಮಗಳಲ್ಲಿ ಕಾಣಿಸಿತು. ಭಾರತದಲ್ಲಿ ಇಷ್ಟು ಆಳದವರೆಗೆ ಇಷ್ಟು ದೀರ್ಘಕಾಲ ಅಳೆದ ನೆಲ ಇನ್ನೊಂದಿಲ್ಲ.

ಈ ಆಳದಲ್ಲಿ ಬಂಡೆಯ ಒತ್ತಡ ತಡೆಯಲಾರದೆ ಶಿಲೆ ಸಿಡಿಯುವ ಅಪಾಯ ಗಣಿಕಾರ್ಮಿಕರ ನಿತ್ಯದ ಸಂಗಾತಿಯಾಗಿತ್ತು. ಸಿಡಿತ ಎಲ್ಲಿ, ಯಾವಾಗ ಆಯಿತೆಂಬ ದಾಖಲೆಯೂ ಒಂದು ಬಗೆಯ ನಕ್ಷೆಯೇ. ಮುಂದೆ 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆ ಕೆ.ಜಿ.ಎಫ್.ನಲ್ಲಿಯೇ ಸ್ಥಾಪನೆಗೊಂಡದ್ದು ಇಂತಹ ಅನುಭವದ ಹಿನ್ನೆಲೆಯಲ್ಲಿ. ತಮಿಳು, ತೆಲುಗು, ಕನ್ನಡ ಮಾತನಾಡುವ ಸಾವಿರಾರು ಕಾರ್ಮಿಕರ ಸಾವುನೋವುಗಳು ಶಿಲಾವಿಜ್ಞಾನದ ಅಂಕಿ ಅಂಶಗಳಾಗಿ ಉಳಿದಿವೆ ಎಂಬುದನ್ನು ಗಣಿಯ ಇತಿಹಾಸ ಬರೆಯುವವರು ಮರೆಯುವಂತಿಲ್ಲ.

ಒಂದೇ ನೆಲ ಬೇರೆ ಪ್ರಶ್ನೆಗೆ ಬೇರೆ ಉತ್ತರ ಕೊಡುತ್ತದೆಂಬುದಕ್ಕೆ ಮುಂಬಯಿಯ ಸಂಬಂಧವಿರುವ ನಿದರ್ಶನವೊಂದಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿಯೇ ಕೋಲಾರದ ಗಣಿಗಳ ಬೇರೆ ಬೇರೆ ಆಳಗಳಲ್ಲಿ ವಿಶ್ವಕಿರಣಗಳನ್ನು ಅಳೆಯತೊಡಗಿದರು. ಸುಮಾರು 2.3 ಕಿಲೋಮೀಟರು ಆಳದಲ್ಲಿ ಆ ಸಂಸ್ಥೆಯೂ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳೂ ಸೇರಿ ನಡೆಸಿದ ಪ್ರಯೋಗ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಗುರುತಿಸಿತು. ಮೇಲಿನ ಬಂಡೆ ಎಷ್ಟು ಕಿರಣಗಳನ್ನು ತಡೆಯುತ್ತದೆಂದು ಲೆಕ್ಕಹಾಕಲು ಅವರಿಗೆ ಆ ಬಂಡೆಯ ಸಾಂದ್ರತೆಯೂ ಘಟಕಗಳೂ ಬೇಕಾಗಿದ್ದವು. ಕೋಲಾರದ ಹಾರ್ನ್‌ಬ್ಲೆಂಡ್ ಶಿಲೆ ಸಾಧಾರಣ ಬಂಡೆಗಿಂತ ಭಾರವಾದುದು. ಗಣಿಕಂಪನಿಗೆ ಅದು ಒಡೆದು ಬಿಸಾಡಬೇಕಾದ ಹೊರೆ. ಭೌತವಿಜ್ಞಾನಿಗಳಿಗೆ ಅದೇ ಪ್ರಯೋಗದ ಮುಖ್ಯ ಸಾಧನ.

5. ದಿಬ್ಬಗಳ ಮರು ಮೌಲ್ಯಮಾಪನ

ಕೋಲಾರದ ಗಣಿಗಳನ್ನು 1956ರಲ್ಲಿ ಮೈಸೂರು ರಾಜ್ಯ ರಾಷ್ಟ್ರೀಕರಿಸಿತು. 1962ರಲ್ಲಿ ಅವು ಕೇಂದ್ರ ಸರಕಾರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ರೂಪುಗೊಂಡಿತು. ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿಯುತ್ತ, ಆಳದ ಖರ್ಚು ಏರುತ್ತ ಹೋಗಿ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಒಟ್ಟು ಸುಮಾರು 800 ಟನ್ ಚಿನ್ನ ಈ ನೆಲದಿಂದ ಹೊರಬಂದಿತ್ತು. ಊರಿನಲ್ಲಿ ಉಳಿದದ್ದು ಗಣಿಕಾರ್ಮಿಕರ ವಸತಿಗಳು, ನೀರು ತುಂಬಿದ ಶಾಫ್ಟುಗಳು, ಜನರು 'ಸೈನೈಡ್ ದಿಬ್ಬ' ಎಂದು ಕರೆಯುವ ಮಣ್ಣಿನ ಗುಡ್ಡಗಳು.

ಈ ದಿಬ್ಬಗಳ ರಚನೆಯನ್ನು ಸ್ವಲ್ಪ ವಿವರಿಸುವುದು ಅಗತ್ಯ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಬಳಿಕ ಉಳಿಯುವ ನುಣ್ಣನೆಯ ಮರಳನ್ನು ಹೊರಗೆ ಸುರಿಯುತ್ತಿದ್ದರು. ಅಂತಹ 13 ದಿಬ್ಬಗಳು ಸುಮಾರು ಸಾವಿರ ಎಕರೆ ನೆಲವನ್ನು ಆಕ್ರಮಿಸಿವೆ; ಅವುಗಳಲ್ಲಿ ಸುಮಾರು 3.3 ಕೋಟಿ ಟನ್ ಮರಳಿದೆ. 2024ರ ಜೂನ್‌ನಲ್ಲಿ ಇವುಗಳ ಹರಾಜಿಗೆ ಸಂಬಂಧಿಸಿದ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕ ಸಚಿವ ಸಂಪುಟ ಒಪ್ಪಿಗೆ ನೀಡಿತು.

ಹಳೆಯ ನಕ್ಷೆಗಳಲ್ಲಿ ಈ ದಿಬ್ಬಗಳು ಖಾಲಿ ಜಾಗಗಳಷ್ಟೇ. ಶಿಲೆಯ ಬಣ್ಣವಾಗಲಿ ಅದಿರಿನ ಗುರುತಾಗಲಿ ಅವಕ್ಕಿಲ್ಲ. ಈಗ ಅವನ್ನೇ ಅದಿರಿನ ನಿಕ್ಷೇಪವಾಗಿ ನೋಡಬೇಕಾಗಿದೆ. ಕೋಲಾರದ ಎಳೆಗಳಲ್ಲಿ ಚಿನ್ನದ ಜೊತೆಗೆ ಷೀಲೈಟ್ ಎಂಬ ಟಂಗ್‌ಸ್ಟನ್ ಖನಿಜವೂ ಇತ್ತು. ಹಗಲಿನಲ್ಲಿ ಬೆಣಚುಕಲ್ಲಿನ ನಡುವೆ ಅದನ್ನು ಬೇರ್ಪಡಿಸಿ ಕಾಣುವುದು ಕಷ್ಟ. ಅತಿನೇರಳೆ ಬೆಳಕಿನಡಿಯಲ್ಲಿ ನೀಲಿ–ಬಿಳಿಯಾಗಿ ಹೊಳೆಯುತ್ತದೆ. ಸರಿಯಾದ ದೀಪ ಹಿಡಿದವರಿಗೆ ಮಾತ್ರ ಕಾಣುವ ಖನಿಜ ಅದು. ಚಿನ್ನದ ಹುಡುಕಾಟಕ್ಕೆ ಆ ದೀಪ ಬೇಕಾಗಿರಲಿಲ್ಲ. ಹೀಗಾಗಿ ಷೀಲೈಟಿನ ಹೆಚ್ಚಿನ ಪಾಲು ಅದಿರಿನೊಂದಿಗೆ ಅರೆಯಲ್ಪಟ್ಟು ದಿಬ್ಬ ಸೇರಿತು.

ದಿಬ್ಬವನ್ನು ನಕ್ಷೆಗೆ ತರುವ ವಿಧಾನ ಶಿಲೆಯ ನಕ್ಷೆಗಿಂತ ಭಿನ್ನ. ಶಿಲೆ ಪ್ರಕೃತಿ ಇಟ್ಟ ಕ್ರಮದಲ್ಲಿದ್ದರೆ ದಿಬ್ಬ ಮನುಷ್ಯ ಸುರಿದ ಕ್ರಮದಲ್ಲಿರುತ್ತದೆ. ಅಡಿಯ ಪದರ ಹಳೆಯ ವರ್ಷದ್ದು, ಮೇಲಿನದು ಈಚಿನದು. ಯಾವ ವರ್ಷ ಯಾವ ಗಣಿಯ ಅದಿರನ್ನು ಅರೆದರು, ಆಗಿನ ಅರೆಯುವ ಯಂತ್ರ ಎಷ್ಟು ನುಣ್ಣಗೆ ಅರೆಯುತ್ತಿತ್ತು, ಎಷ್ಟು ಚಿನ್ನ ತೆಗೆಯಲಾಗದೆ ಉಳಿಯಿತು ಎಂಬುದನ್ನು ಅವಲಂಬಿಸಿ ಪದರದ ಗುಣ ಬದಲಾಗುತ್ತದೆ. ಆದುದರಿಂದ ದಿಬ್ಬದಲ್ಲಿ ಕೊರೆದು ತೆಗೆದ ಮಾದರಿಯನ್ನು ಅರ್ಥಮಾಡಿಕೊಳ್ಳಬೇಕಾದರೆ ಕಾರ್ಖಾನೆಯ ದಿನಚರಿ ಪುಸ್ತಕಗಳೂ ಬೇಕು. ಖನಿಜ ನಕ್ಷೆಯ ಕೆಲಸಕ್ಕೆ ಕಡತಾಗಾರದ ಓದು ನೇರವಾಗಿ ಸಹಾಯಕವಾಗುವ ಸ್ಥಳ ಇದು. ದಿಬ್ಬಗಳ ಹರಾಜು, ಗಣಿಯ ಕಾಗದಪತ್ರಗಳ ರಕ್ಷಣೆ ಎರಡನ್ನೂ ಒಂದೇ ವಿಷಯವೆಂದು ನೋಡಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ಈ ದಿಬ್ಬಗಳ ಸುತ್ತ ಜನ ವಾಸಿಸುತ್ತಾರೆ. ಗಾಳಿಗಾಲದಲ್ಲಿ ಅವುಗಳ ನುಣ್ಣನೆಯ ದೂಳು ಮನೆಗಳ ಮೇಲೆ, ಅಡುಗೆಯ ಪಾತ್ರೆಗಳ ಮೇಲೆ ಬೀಳುತ್ತದೆ. ಅಲ್ಲಿಯವರಿಗೆ ದಿಬ್ಬವೆಂದರೆ ನಿಕ್ಷೇಪವೂ ಹೌದು, ಕೆಮ್ಮೂ ಹೌದು, ತಂದೆ ತಾತಂದಿರ ದುಡಿಮೆಯ ಗುರುತೂ ಹೌದು. ನಿರ್ಣಾಯಕ ಖನಿಜದ ನಕ್ಷೆಯಲ್ಲಿ ಟನ್ನುಗಳ ಲೆಕ್ಕ ಬರುತ್ತದೆ. ಗಾಳಿಯ ದಿಕ್ಕೂ, ಬಾವಿಗಳ ಸ್ಥಾನವೂ, ಓಣಿಗಳ ಹೆಸರೂ ಬರಬೇಕು. ಫೂಟ್ ಅವರ ಕಾಲದ ನಕ್ಷೆ ಜಲಗಾರನ ಹೆಸರನ್ನು ಬಿಟ್ಟಿತೆಂದು ಇಂದು ನಾವು ಬರೆಯುತ್ತೇವೆ. ಇಂದಿನ ನಕ್ಷೆ ಯಾರನ್ನು ಬಿಡುತ್ತಿದೆಯೆಂದು ಈಗಲೇ ಕೇಳುವುದು ಇತಿಹಾಸಕಾರರ ಕರ್ತವ್ಯ.

6. ಮಂಡ್ಯದ ಪಾಠ

ಹೊಸ ಬೇಡಿಕೆಯ ನಕ್ಷೆಯನ್ನು ಹೇಗೆ ಓದಬೇಕು, ಹೇಗೆ ಓದಬಾರದು ಎಂಬುದಕ್ಕೆ ಮಂಡ್ಯ ಜಿಲ್ಲೆಯ ಮರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶ ಒಳ್ಳೆಯ ಉದಾಹರಣೆ. ಅಲ್ಲಿನ ಪೆಗ್ಮಟೈಟ್ ಶಿಲೆಗಳಲ್ಲಿ ಸ್ಪಾಡ್ಯುಮೀನ್ ಎಂಬ ಲಿಥಿಯಂ ಖನಿಜವಿದೆ. ಸುಮಾರು ಅರ್ಧ ಕಿಲೋಮೀಟರು ಅಗಲ, 5 ಕಿಲೋಮೀಟರು ಉದ್ದದ ಪಟ್ಟಿಯ ಆಧಾರದ ಮೇಲೆ ಲಿಥಿಯಂ ಲೋಹ 14,100 ಟನ್ ಇರಬಹುದೆಂಬ ಅಂದಾಜು 2020ರಲ್ಲಿ ಪ್ರಚಾರ ಪಡೆಯಿತು. ಪರಮಾಣು ಖನಿಜ ನಿರ್ದೇಶನಾಲಯ ಕೊರೆದು ಪರೀಕ್ಷಿಸಿ ಸ್ಥಾಪಿಸಿದ ನಿಕ್ಷೇಪ 1,600 ಟನ್. ಅದೂ 'ಊಹಿತ' ವರ್ಗದ್ದು. ಎರಡು ಅಂಕಿಗಳ ನಡುವಣ ಅಂತರ ಯಾರ ಪ್ರಾಮಾಣಿಕತೆಯನ್ನೂ ಪ್ರಶ್ನಿಸುವುದಿಲ್ಲ. ಮೇಲಿನಿಂದ ಕಂಡ ಹರವಿಗೂ ಕೊರೆದು ಕಂಡ ಆಳಕ್ಕೂ ಇರುವ ವ್ಯತ್ಯಾಸವನ್ನು ಅದು ತೋರಿಸುತ್ತದೆ. ಇಂದಿನ ಖನಿಜಶೋಧದಲ್ಲಿ ಜಿ-4ರಿಂದ ಜಿ-1ರವರೆಗೆ ನಾಲ್ಕು ಹಂತಗಳಿವೆ: ಸ್ಥೂಲ ಪರಿಶೀಲನೆ, ಪ್ರಾಥಮಿಕ ಶೋಧ, ಸಾಮಾನ್ಯ ಶೋಧ, ವಿವರ ಶೋಧ. ಪತ್ರಿಕೆಯಲ್ಲಿ ನಿಕ್ಷೇಪದ ಅಂಕಿ ಕಂಡೊಡನೆ ಅದು ಯಾವ ಹಂತದ್ದೆಂದು ಕೇಳುವ ಅಭ್ಯಾಸ ಶಾಸನದ ಕಾಲನಿರ್ಣಯದಲ್ಲಿ ನಾವು ತೋರುವ ಎಚ್ಚರಕ್ಕೆ ಸಮಾನವಾದುದು.

ಇಲ್ಲಿ ಇನ್ನೊಂದು ಅಂಶವೂ ಇದೆ. 2023ರ ಆಗಸ್ಟ್‌ವರೆಗೆ ಲಿಥಿಯಂ ಕಾನೂನಿನ ದೃಷ್ಟಿಯಲ್ಲಿ ಪರಮಾಣು ಖನಿಜವಾಗಿತ್ತು. ಗಣಿ ಕಾಯಿದೆಯ ತಿದ್ದುಪಡಿ ಲಿಥಿಯಂ, ಬೆರಿಲಿಯಂ, ನಿಯೋಬಿಯಂ, ಟ್ಯಾಂಟಲಂ, ಟೈಟಾನಿಯಂ, ಜಿರ್ಕೋನಿಯಂ ಖನಿಜಗಳನ್ನು ಆ ಪಟ್ಟಿಯಿಂದ ಹೊರತಂದಿತು. ಯಾವ ಸಂಸ್ಥೆ ಯಾವ ಖನಿಜವನ್ನು ಹುಡುಕಬಹುದೆಂಬ ಕಾನೂನು, ನಕ್ಷೆಯಲ್ಲಿ ಏನು ತುಂಬುತ್ತದೆ ಏನು ಖಾಲಿ ಉಳಿಯುತ್ತದೆ ಎಂಬುದನ್ನೂ ನಿರ್ಧರಿಸುತ್ತ ಬಂದಿದೆ. ಕರ್ನಾಟಕದ ಇತರ ಹಳೆಯ ಶಿಲಾಪಟ್ಟಿಗಳಲ್ಲಿಯೂ, ಉದಾಹರಣೆಗೆ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಪ್ಲಾಟಿನಂ ಗುಂಪಿನ ಲೋಹಗಳ ಮತ್ತು ಮಸಣಿಕೆರೆಯ ವೆನೇಡಿಯಂಯುಕ್ತ ಕಬ್ಬಿಣದ ಅದಿರಿನ ವಿಷಯದಲ್ಲಿ, ಇಂತಹ ಓದು ನಡೆಯಬೇಕಾಗಿದೆ.

7. ಉಪಸಂಹಾರ: ಹೊರನಾಡಿನಲ್ಲಿ ಆಗಬೇಕಾದ ಕೆಲಸ

ಮೇಲಿನ ಚರ್ಚೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಕೋಲಾರದ ಭೂವೈಜ್ಞಾನಿಕ ನಕ್ಷೆಗಳ ತಳದಲ್ಲಿ ಸ್ಥಳೀಯರ ಅರಿವಿನ ಪದರವೊಂದಿದೆ. ಎರಡನೆಯದು, ಆ ನಕ್ಷೆಗಳು ಚಿನ್ನವೆಂಬ ಒಂದೇ ಪ್ರಶ್ನೆಗೆ ಉತ್ತರವಾಗಿ ಬೆಳೆದವು. ಪ್ರಶ್ನೆ ಬದಲಾದಾಗ ಅವನ್ನು ಮೊದಲಿನಿಂದ ಓದಬೇಕಾಗುತ್ತದೆ. ಮೂರನೆಯದು, ಆ ಓದಿಗೆ ಬೇಕಾದ ಕಾಗದಗಳು ಕೋಲಾರವೊಂದರಲ್ಲಿಯೇ ಇಲ್ಲ.

ಈ ಮೂರನೆಯ ಸಂಗತಿ ಹೊರನಾಡಿನ ಸಂಶೋಧಕರಿಗೆ ನೇರವಾಗಿ ಸಂಬಂಧಿಸಿದುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕೇಂದ್ರ ಕಚೇರಿ ಕೋಲ್ಕತ್ತಾದಲ್ಲಿದೆ. ವಾರೆನ್ ಅವರ ವರದಿಯನ್ನು ಪ್ರಕಟಿಸಿದ ಏಷ್ಯಾಟಿಕ್ ಸೊಸೈಟಿಯೂ ಅಲ್ಲಿಯೇ. ಬಾಸ್‌ವರ್ತ್ ಸ್ಮಿತ್ ಅವರ ವರದಿ ಮದರಾಸು ಸರಕಾರದ ಆಡಳಿತಕ್ಕೆ ಸೇರಿದ್ದು. ಹಟ್ಟಿ–ಮಸ್ಕಿಗಳ ಗಣಿಚರಿತ್ರೆ ನಿಜಾಮರ ಹೈದರಾಬಾದಿನೊಂದಿಗೆ ಹೆಣೆದುಕೊಂಡಿದೆ. ಆಳದ ಪ್ರಯೋಗಗಳನ್ನು ನಡೆಸಿದ ಸಂಸ್ಥೆ, ವಿಕ್ರೋಳಿಯಿಂದ ಒಂದು ರೈಲು ಪ್ರಯಾಣದ ದೂರದಲ್ಲಿ, ಕೊಲಾಬಾದಲ್ಲಿದೆ. ಕಂಪನಿಗಳ ಆಡಳಿತ ನಡೆದದ್ದು ಲಂಡನ್ನಿನಿಂದ. ಕನ್ನಡ ನೆಲದ ಈ ಇತಿಹಾಸವನ್ನು ಬರೆಯಲು ಕನ್ನಡ ಬಲ್ಲವರು ಈ ಊರುಗಳಲ್ಲಿ ಕುಳಿತು ಕೆಲಸ ಮಾಡಬೇಕು.

ಕೆಲಸದ ಸ್ವರೂಪವನ್ನೂ ಇಲ್ಲಿ ಸೂಚಿಸಬಹುದು. ವಾರೆನ್, ಫೂಟ್, ಬಾಸ್‌ವರ್ತ್ ಸ್ಮಿತ್, ಹ್ಯಾಚ್, ಸ್ಮೀತ್ ಇವರ ಬರಹಗಳಲ್ಲಿ ಬರುವ ಊರು, ಹಳ್ಳ, ಗುಡ್ಡ, ಹಳೆಯ ಗುಂಡಿಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಶುದ್ಧಪಡಿಸಿ ಇಂದಿನ ಸ್ಥಳಗಳೊಂದಿಗೆ ಹೊಂದಿಸಬೇಕು. ಆಂಗ್ಲ ಕಾಗುಣಿತದಲ್ಲಿ ವಿಕಾರಗೊಂಡ ಹೆಸರುಗಳಿಂದಾಗಿ ಎಷ್ಟೋ ಗುಂಡಿಗಳ ಜಾಡು ತಪ್ಪಿಹೋಗುತ್ತದೆ. ಜಲಗಾರ ಎಂಬಂತಹ ವೃತ್ತಿಪದಗಳನ್ನೂ, ಕೆ.ಜಿ.ಎಫ್.ನ ಕಾರ್ಮಿಕರು ಕನ್ನಡ, ತಮಿಳು, ತೆಲುಗುಗಳನ್ನು ಬೆರೆಸಿ ಬಳಸುತ್ತಿದ್ದ ಗಣಿಯ ಮಾತುಗಳನ್ನೂ, ಆ ಪೀಳಿಗೆ ಇರುವಾಗಲೇ ಸಂಗ್ರಹಿಸಬೇಕು. ಅಂತಸ್ತು ನಕ್ಷೆಗಳು, ಕೊರೆತದ ಮಾದರಿಗಳು, ಅರೆಯುವ ಕಾರ್ಖಾನೆಯ ದಿನಚರಿಗಳು ದಿಬ್ಬಗಳ ಹರಾಜಿಗೆ ಮೊದಲೇ ಸಾರ್ವಜನಿಕ ಸಂಗ್ರಹವಾಗಬೇಕು. ಗಣಿಯನ್ನು ಮತ್ತೆ ತೆರೆಯುವ ನಿರ್ಧಾರ ಏನೇ ಆಗಲಿ, ಈ ಕಾಗದಗಳು ಒಮ್ಮೆ ಚದರಿದರೆ ನೆಲವನ್ನು ಮೂರು ಕಿಲೋಮೀಟರು ಆಳದವರೆಗೆ ಇನ್ನೊಮ್ಮೆ ತೋಡಿ ಅವನ್ನು ಬರೆಯಿಸಿಕೊಳ್ಳುವುದು ಸಾಧ್ಯವಿಲ್ಲ. ಹೊರನಾಡಿನ ಕನ್ನಡ ವಿಭಾಗಗಳು ತಮ್ಮ ಊರಿನ ಗ್ರಂಥಾಲಯಗಳಲ್ಲಿ ಕೋಲಾರಕ್ಕೆ ಸಂಬಂಧಿಸಿದ ನಕ್ಷೆ ಮತ್ತು ವರದಿಗಳ ಸೂಚಿಯೊಂದನ್ನು ಸಿದ್ಧಪಡಿಸುವುದರಿಂದ ಈ ಕೆಲಸವನ್ನು ಆರಂಭಿಸಬಹುದು.